ಬದುಕು ಸಾರ್ಥಕ ಆಯ್ತು ಅಂತ ಯಾವಾಗ ಹೇಳ್ತೀರಿ? ನಿಮ್ಮ ನಿಮ್ಮ ಅನಿಸಿಕೆ ಬರೀರಿ

ಕೆಂಗೇರಿಯವ:
ಎಲ್ಲರಿಗೂ ನಮಸ್ಕಾರ. ಬದುಕಿಗೆ ಒಂದು ಅರ್ಥ ಇದೆ ಅಂತ ನಿಮಗೆ ಅನ್ಸುತ್ತಾ, ಇದ್ರೆ ಅದು ಎಲ್ಲಿದೆ? ಎಲ್ಲೋ ಓದಿದ್ದು ಬೇಡ, ನಿಮ್ಮದು ಹೇಳಿ.

ಕೇಳೋಕೆ ಕಾರಣ ಇದೆ. 2025ರ ನವೆಂಬರ್ 14ಕ್ಕೆ ಸಾಲುಮರದ ತಿಮ್ಮಕ್ಕ ತೀರಿಕೊಂಡಾಗ ಯಾರ ಸ್ಟೇಟಸ್ ನೋಡಿದ್ರೂ "ಸಾರ್ಥಕ ಬದುಕು" ಅಂತಾನೇ ಇತ್ತು. ಒಪ್ಪೋ ಮಾತೇ. ಮಕ್ಕಳಾಗಲಿಲ್ಲ ಅನ್ನೋ ನೋವು ನುಂಗ್ಕೊಂಡು, ಕೂಲಿ ಮಾಡ್ಕೊಂಡು, ಗಂಡ ಚಿಕ್ಕಯ್ಯನ ಜೊತೆ ಸೇರಿ ಹುಲಿಕಲ್ಲಿಂದ ಕುದೂರಿಗೆ ಹೋಗೋ ರೋಡಲ್ಲಿ 385 ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಹಾಕಿ, ದನ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಿ ಉಳಿಸ್ಕೊಂಡ್ರು. ಆ ರೋಡಲ್ಲಿ ನಾನು ಎಷ್ಟೋ ಸಲ ಬೈಕಲ್ಲಿ ಹೋಗಿದೀನಿ, ಏಪ್ರಿಲ್ ಬಿಸಿಲಲ್ಲೂ ಅಲ್ಲಿ ಒಂದು ಕ್ಷಣ ಹೆಲ್ಮೆಟ್ ತೆಗೆದು ನಿಲ್ಲಬೇಕು ಅನ್ಸುತ್ತೆ. 2019ರಲ್ಲಿ ರಸ್ತೆ ಅಗಲ ಮಾಡೋಕೆ ಮರ ಕಡೀತಾರೆ ಅಂದಾಗ ಆ ವಯಸ್ಸಲ್ಲಿ ಅಜ್ಜಿ ಮುಖ್ಯಮಂತ್ರಿ ಹತ್ರ ಹೋಗಿ ಬೇಡ ಅಂತ ಕೇಳ್ಕೊಂಡ್ರಲ್ಲ, ಅದು ತಾಯಿ ಮಾಡೋ ಕೆಲಸ.

ಆದ್ರೆ ನಮ್ಮಪ್ಪ ಒಂದು ಗಾರ್ಮೆಂಟ್ಸಲ್ಲಿ ಕಟಿಂಗ್ ಮಾಸ್ಟರ್ ಆಗಿದ್ರು. ಬೆಳಗ್ಗೆ ಡಬ್ಬಿ ಕಟ್ಕೊಂಡು ಹೋದ್ರೆ ರಾತ್ರಿನೇ ಬರೋರು, ಕೈಯೆಲ್ಲ ಬಟ್ಟೆ ಧೂಳು. ಅವರ ಕೈಯಲ್ಲಿ ಕಟ್ ಆದ ಶರ್ಟುಗಳನ್ನ ಯಾವ್ಯಾವ ದೇಶದಲ್ಲೋ ಯಾರ್ಯಾರೋ ಹಾಕ್ಕೊಂಡು ಹರಿದು ಬಿಸಾಕಿರ್ತಾರೆ. ತೀರ್ಕೊಂಡಾಗ ಪೇಪರಲ್ಲಿ ಬರಲಿಲ್ಲ, ಯಾರೂ ಸಾರ್ಥಕ ಅಂತ ಬರೀಲಿಲ್ಲ. ನನ್ನ ಪ್ರಕಾರ ಅವರದ್ದೂ ಪೂರ್ತಿ ಅರ್ಥ ಇದ್ದ ಬದುಕೇ. ನಮ್ಮನ್ನ ನಂಬ್ಕೊಂಡು ಯಾರಾದ್ರೂ ಇದ್ದು, ನಾವು ಅವರ ಉಪಯೋಗಕ್ಕೆ ಬಂದ್ರೆ ಸಾಕು, ಅದಕ್ಕಿಂತ ದೊಡ್ಡದು ಬೇಕಿಲ್ಲ ಅಂತ ನನ್ನ ನಂಬಿಕೆ. ನೀವೇನಂತೀರಿ?

ಜೋಳದರೊಟ್ಟಿ:
ನಿಮ್ಮಪ್ಪಾರದು ಸಾರ್ಥಕ ಹೌದೋ ಅಲ್ಲೋ ಅಂತ ಕೇಳೂದ ಬ್ಯಾಡ್ರಿ ತಮ್ಮಾ, ಹೌದ ಐತಿ. ನಾನು ಹುಬ್ಬಳ್ಳ್ಯಾಗ ಮನ್ಯಾಗ ರೊಟ್ಟಿ ಮಾಡಿ ಖಾನಾವಳಿಗೆ ಕೊಡ್ತೀನಿ, ಓಣ್ಯಾಗಿನ ಹೆಣ್ಣಮಕ್ಕಳೂ ನನ್ನ ಜೋಡಿ ಅದಾರ. ನಸಿಕಿನ್ಯಾಗ ಎದ್ದು ಕುದಿಯೋ ಎಸರಿಗೆ ಹಿಟ್ಟ ಹಾಕಿ, ಬಿಸಿ ಇರೂ ಹೊತ್ತಿನ್ಯಾಗ ನಾದಿ, ಬಡದು, ಹಂಚಿನ ಮ್ಯಾಲ ಹಾಕಿ, ಮ್ಯಾಲ ನೀರಿನ ಅರಿವಿ ಸವರಿ ತಿರುವಿ ಹಾಕಬೇಕು. ಹಿಟ್ಟ ಹಳೇದಾದ್ರ ಜಿಗಿ ಹೋಗಿ ಅಂಚ ಸೀಳತಾವು. ಅಂಥಾ ರೊಟ್ಟಿ ನಾನು ಖಾನಾವಳಿಗೆ ಕೊಡಂಗಿಲ್ಲ, ತಿನ್ನೋ ಹುಡುಗರಿಗೆ ಗೊತ್ತೂ ಆಗಂಗಿಲ್ಲ, ಪಲ್ಯಾದಾಗ ಮುರದು ತಿಂದ ಬಿಡ್ತಾರ, ಆದ್ರ ನನಗ ಗೊತ್ತಿರ್ತದಲ್ಲ.

ನನಗ ಕಾಯಕ ಅಂದ್ರ ಇದ. ಆಯ್ದಕ್ಕಿ ಲಕ್ಕಮ್ಮನ ಕಥಿ ನಿಮಗೆಲ್ಲಾ ಗೊತ್ತಿರಬೇಕು. ಕಲ್ಯಾಣದಾಗ ಬಸವಣ್ಣನವರ ಮಹಾಮನಿ ಅಂಗಳದಾಗ ಬಿದ್ದ ಅಕ್ಕಿ ಆಯ್ಕೊಂಡ ಬರೂದು ಆಕಿ ಗಂಡ ಮಾರಯ್ಯನ ಕಾಯಕ. ಒಂದ ದಿನ ದಿನಕ್ಕಿಂತ ಜಾಸ್ತಿ ತಂದ. ಆ ತಾಯಿ, ಇದು ನಮಗ ಬೇಕಾದ್ದಕ್ಕಿಂತ ಹೆಚ್ಚಾತು, ಎಲ್ಲಿಂದ ತಂದ್ಯೋ ಅಲ್ಲೇ ಸುರದು ಬಾ ಅಂತ ಗಂಡನ್ನ ವಾಪಸ್ ಕಳಿಸಿದಳು. ಅಕ್ಕಿ ಆಯೂದರಾಗ ಏನ ದೊಡ್ಡಸ್ತಿಕಿ ಐತ್ರಿ? ಆದ್ರೂ ಎಂಟನೂರಾ ಚಿಲ್ಲರ ವರ್ಷ ಆದ್ರೂ ನಾವು ಆಕಿ ಹೆಸರ ಹೇಳ್ತೀವಿ. ಕೆಲಸ ಸಣ್ಣದು ದೊಡ್ಡದು ಅನ್ನೂದರಾಗ ಏನೂ ಇಲ್ಲ, ಎಷ್ಟ ಸ್ವಚ್ಛ ಮಾಡ್ತೀವಿ, ಎಷ್ಟಕ್ಕ ಸಾಕು ಅಂತೀವಿ, ಅದರಾಗ ಐತಿ.

ತರ್ಕಪ್ರಿಯ:
ನನ್ನ ಅಭಿಪ್ರಾಯ ಬಹಳ ಜನಕ್ಕೆ ಇಷ್ಟ ಆಗಲ್ಲ ಅಂತ ಗೊತ್ತು, ಆದ್ರೂ ಕೇಳಿದ್ದಕ್ಕೆ ಹೇಳ್ತೀನಿ. ಅರ್ಥ ಅಂತ ಮೊದಲೇ ಬರೆದಿಟ್ಟಿದ್ದು ಯಾವುದೂ ಇಲ್ಲ. ಭೂಮಿ ಹುಟ್ಟಿ ಸುಮಾರು 450 ಕೋಟಿ ವರ್ಷ, ನಮ್ಮ ಜಾತಿಯ ಮನುಷ್ಯ ಬಂದು ಸುಮಾರು 3 ಲಕ್ಷ ವರ್ಷ ಆಯ್ತು, ನಾವಿಲ್ಲದೇನೂ ಇದೆಲ್ಲ ನಡೀತಿತ್ತು, ನಾವು ಹೋದಮೇಲೂ ನಡೆಯುತ್ತೆ. ಇದನ್ನ ಕೇಳಿ ಕೆಲವರಿಗೆ ಹೆದರಿಕೆ ಆಗುತ್ತೆ. ನನಗೆ ಇದರಲ್ಲಿ ದೊಡ್ಡ ಬಿಡುಗಡೆ ಕಾಣುತ್ತೆ, ಯಾಕಂದ್ರೆ ಯಾರೂ ನನಗೆ ಪರೀಕ್ಷೆ ಇಟ್ಟಿಲ್ಲ ಅಂದಮೇಲೆ ಫೇಲ್ ಆಗೋ ಭಯನೂ ಇಲ್ಲ, ಏನು ಮಾಡಬೇಕು ಅನ್ನೋದು ಪೂರ್ತಿ ನನ್ನ ಕೈಲಿದೆ.

ದೇವರಿಲ್ಲ ಪರಲೋಕ ಇಲ್ಲ ಅಂದ್ರೆ ಮನುಷ್ಯ ಸ್ವಾರ್ಥಿ ಆಗ್ತಾನೆ ಅಂತ ಹೇಳೋರು ಎಚ್. ನರಸಿಂಹಯ್ಯನವರನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ. ಭೌತಶಾಸ್ತ್ರದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಕುಲಪತಿ ಆಗಿದ್ದವರು, ಆ ಕುರ್ಚೀಲಿ ಕೂತೇ 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದ್ರು. ಮದುವೆ ಆಗಲಿಲ್ಲ, ಆಸ್ತಿ ಮಾಡಲಿಲ್ಲ, ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಲ್ಲೇ ಬದುಕಿದ್ರು. 1962ರಲ್ಲಿ ಶುರು ಮಾಡಿದ ಸೈನ್ಸ್ ಫೋರಂ ಉಪನ್ಯಾಸಗಳಿಗೆ ಹೋಗಿ ಹೋಗಿನೇ ನನ್ನಂಥ ಎಷ್ಟೋ ಜನ ಪ್ರಶ್ನೆ ಕೇಳೋದು ಕಲಿತಿದ್ದು. ಸ್ವರ್ಗದ ಆಸೆಗೆ ಮಾಡಿದ್ದಲ್ಲ ಅದು. ಮಾಡಬೇಕು ಅನ್ನಿಸ್ತು, ಮಾಡಿದ್ರು.

ಸಸಿ:
ತರ್ಕಪ್ರಿಯ ಅಣ್ಣ, ನಿಮ್ಮ ಮಾತನ್ನ ಗೌರವದಿಂದಲೇ ಓದಿದೆ, ಆದ್ರೆ ನನಗೆ ಅದು ಸಾಲಲ್ಲ. ನಾನು ಐದು ಹೊತ್ತು ನಮಾಜ್ ಮಾಡೋಳು. ಜೀವ ನನ್ನದಲ್ಲ, ಅಲ್ಲಾಹ್ ನಂಬಿ ಕೊಟ್ಟ ಅಮಾನತು, ಒಂದು ದಿನ ವಾಪಸ್ ಕೊಡಬೇಕು, ಕೊಡೋವಾಗ ಹೇಗೆ ಇಟ್ಕೊಂಡಿದ್ದೆ ಅಂತ ಲೆಕ್ಕ ಹೇಳಬೇಕು. ಯಾರೂ ನೋಡ್ತಿಲ್ಲ ಅಂದಾಗಲೂ ನಾನು ತಕ್ಕಡಿ ಸರಿಯಾಗಿ ಹಿಡಿಯೋದು ಅದಕ್ಕೇ (ನಮ್ಮದು ಕಿರಾಣಿ ಅಂಗಡಿ). ನಿಮಗೆ ಪರೀಕ್ಷೆ ಇಲ್ಲ ಅನ್ನೋದು ಬಿಡುಗಡೆ, ನನಗೆ ಕೇಳೋನು ಒಬ್ಬ ಇದಾನೆ ಅನ್ನೋದೇ ಧೈರ್ಯ. ನಮಗೆ ಅನ್ಯಾಯ ಮಾಡಿದೋನು ಇಲ್ಲಿ ತಪ್ಪಿಸ್ಕೊಂಡ್ರೂ ಅಲ್ಲಿ ಉತ್ತರ ಹೇಳ್ತಾನೆ ಅಂತ ನಂಬಿಲ್ಲದಿದ್ರೆ ಕೆಲವು ವರ್ಷಗಳನ್ನ ನಾನು ದಾಟ್ತಾ ಇರಲಿಲ್ಲ.

ಇನ್ನೊಂದು ಮಾತು, ತಿಮ್ಮಕ್ಕನ ವಿಷಯ ಬಂತಲ್ಲ ಅದಕ್ಕೆ. ಕೈಯಲ್ಲಿ ಸಸಿ ಹಿಡ್ಕೊಂಡಿರೋ ಹೊತ್ತಿಗೆ ಕಿಯಾಮತ್ತೇ (ಲೋಕ ಮುಗಿಯೋ ದಿನ) ಬಂದುಬಿಟ್ರೂ, ನೆಡೋಕೆ ಆಗುತ್ತೆ ಅಂದ್ರೆ ನೆಟ್ಟುಬಿಡಿ ಅಂತ ಪ್ರವಾದಿಯವರ ಮಾತುಗಳ ಹದೀಸ್‌ನಲ್ಲಿದೆ. ಮರ ಆಗೋಕೆ ಟೈಮೇ ಇಲ್ಲ, ನೆರಳಿಗೆ ಕೂರೋರೂ ಇಲ್ಲ, ಆದ್ರೂ ನೆಡು. ಉಪಯೋಗ ಆಗುತ್ತೋ ಇಲ್ಲವೋ ಅನ್ನೋದು ನಮ್ಮ ಕೈಲಿಲ್ಲ, ನೆಡೋದಷ್ಟೇ ಇದೆ.

ತೋಟದಮನೆ:
ಕೊಪ್ಪದ ಕಡೆಯವನು, ಅಡಿಕೆ ತೋಟ. ನಮ್ಮಲ್ಲಿ ಶೃಂಗೇರಿ ಕೊಪ್ಪ ಸೀಮೇಲಿ ಹಳದಿ ಎಲೆ ರೋಗ ಅಂತ ಒಂದಿದೆ, ದಶಕಗಳಿಂದ ಇದೆ, ಮದ್ದಿಲ್ಲ. ಅಜ್ಜ ನೆಟ್ಟ ತೋಟ ಅಪ್ಪನ ಕಣ್ಣೆದುರೇ ಹಳದಿ ಆಗಿ ಸುಳಿ ಸಣ್ಣ ಆಗಿ ಹೋಯ್ತು. ನಾನು ಮತ್ತೆ ಗುಂಡಿ ತೆಗೆದು ನೆಟ್ಟಿದೀನಿ, ಮಧ್ಯ ಕಾಫಿ ಮೆಣಸು ಹಾಕಿದೀನಿ. ಅಡಿಕೆ ಫಸಲಿಗೆ ಬರೋಕೆ ಐದಾರು ವರ್ಷ ಬೇಕು, ಬಂದಮೇಲೆ ರೋಗ ಬರಲ್ಲ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ. ಹಾಗಾಗಿ ಸಸಿಯವರು ಹೇಳಿದ್ದು ನನಗೆ ಚೆನ್ನಾಗಿ ಅರ್ಥ ಆಯ್ತು.

ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಗೊತ್ತಲ್ಲ, 2022ರಲ್ಲಿ ಪದ್ಮಶ್ರೀ ಬಂತು. ಮರ ಹತ್ತೋ ಕೂಲಿ ಮಾಡ್ತಿದ್ದವರು, ಧಣಿ ಕೊಟ್ಟ ಬೋಳುಗುಡ್ಡದ ಜಾಗದಲ್ಲಿ ನೀರಿಗೋಸ್ಕರ ಒಬ್ಬರೇ ಸುರಂಗ ಕೊರೆದ್ರು, ಹಗಲು ಕೂಲಿ, ಸಂಜೆಮೇಲೆ ದೀಪ ಇಟ್ಕೊಂಡು ಅಗೆಯೋದು. ಐದು ಸುರಂಗ ಒಣಗಿದ್ದೇ ಸಿಕ್ತು, ಆರನೇದರಲ್ಲಿ ನೀರು ಬಂತು. ಈಗ ಎಲ್ಲ ಆರನೇ ಸುರಂಗದ ಮಾತೇ ಆಡ್ತಾರೆ. ನನಗೆ ಕುತೂಹಲ ಇರೋದು ಮೂರನೇದು ಮುಗಿಸಿ ನಾಲ್ಕನೇದಕ್ಕೆ ಗುದ್ದಲಿ ಹಾಕಿದ ದಿನದ ಬಗ್ಗೆ. ಆ ದಿನ ಅವರನ್ನ ಯಾರು ನೋಡಿದ್ರೂ ಹುಚ್ಚ ಅಂತಿದ್ರು. ಆರನೇದರಲ್ಲೂ ನೀರು ಬರದೇ ಹೋಗಿದ್ರೆ ಅವರ ಬದುಕಿಗೆ ಅರ್ಥ ಇರ್ತಿರ್ಲಿಲ್ವಾ? ಇದನ್ನ ಯಾರಾದ್ರೂ ಹೇಳಿ.

ಪಿಜಿರೂಮ್:
ಎಲ್ಲ ಓದಿದೆ. ನಾನು ಮಾರತ್ತಹಳ್ಳೀಲಿ ಪಿಜೀಲಿ ಇದೀನಿ, ಮಳೆಗಾಲದಲ್ಲಿ ಕಂಪನಿಯವರು ತೆಗೆದ್ರು, ಇನ್ನೂ ಬೇರೆ ಸಿಕ್ಕಿಲ್ಲ, ಊರಲ್ಲಿ ಇನ್ನೂ ಹೇಳಿಲ್ಲ. ನಿಮ್ಮೆಲ್ಲರಿಗೂ ಏನೋ ಒಂದು ಇದೆ, ರೊಟ್ಟಿ ಇದೆ ತೋಟ ಇದೆ ದೇವರಿದೆ ಅಟ್‌ಲೀಸ್ಟ್ ದೇವರಿಲ್ಲ ಅನ್ನೋ ಗಟ್ಟಿ ನಂಬಿಕೆ ಇದೆ. ನನ್ನನ್ನ ನಂಬ್ಕೊಂಡಿರೋರು ಯಾರೂ ಇಲ್ಲ, ನಾನು ನಾಳೆ ರೂಮಿಂದ ಹೊರಗೆ ಬರದೇ ಹೋದ್ರೆ ರೆಂಟ್ ಡೇಟ್ ತನಕ ಯಾರಿಗೂ ಗೊತ್ತಾಗಲ್ಲ. ಬೆಳಗ್ಗೆ ಎದ್ದೇಳೋಕೆ ಕಾರಣ ಹುಡುಕ್ತೀನಿ, ಸಿಗಲ್ಲ, ಮತ್ತೆ ಮಲಗ್ತೀನಿ. ಕೆಂಗೇರಿಯವರು ಹೇಳಿದ ಲೆಕ್ಕದಲ್ಲಿ ನನ್ನದು ಸೊನ್ನೆ.

ರಾತ್ರಿಪಾಳಿ:
ಪಿಜಿರೂಮ್, ತಮ್ಮಾ, ಬೇರೆ ಚರ್ಚೆ ಆಮೇಲೆ, ಮೊದಲು ಇದು. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ನಾನು ನರ್ಸ್, ಬೆಳಗ್ಗೆ ಏಳಲಿಕ್ಕೆ ಆಗದೇ ಇರುವುದು ಎಷ್ಟೋ ಸಲ ಶರೀರದ ಕಾಯಿಲೆಯ ಹಾಗೇ ಒಂದು ಕಾಯಿಲೆ, ಮದ್ದು ಉಂಟು, ಕಡಿಮೆ ಆಗ್ತದೆ. ಅದನ್ನು ಬದುಕಿನ ಅರ್ಥದ ಪ್ರಶ್ನೆ ಅಂತ ತಿಳ್ಕೊಂಡು ಒಬ್ಬನೇ ರೂಮಿನಲ್ಲಿ ಉತ್ತರ ಹುಡುಕ್ತಾ ಕೂರಬೇಡ. ಮತ್ತೆ ಊರಿಗೆ ಹೇಳು. ಬೈದ್ರೆ ಬೈಲಿ. ಫೋನ್ ಮಾಡಿದ ಮೇಲೆ ಇಲ್ಲಿ ಬರಿ, ನಾನು ಮಸ್ಕತ್‌ನಲ್ಲಿ ನೈಟ್ ಡ್ಯೂಟಿಯಲ್ಲಿ ಇರ್ತೇನೆ, ಬ್ರೇಕಿನಲ್ಲಿ ನೋಡ್ತೇನೆ.

ಕಿಟಕಿಪಕ್ಕ:
ನಾನು ಪುತ್ತೂರು ಕಡೆಯವನು. ಅಡಿಕೆಗೆ ಮದ್ದು ಬಿಡ್ಲಿಕ್ಕೆ ಮರ ಹತ್ತುತ್ತಿದ್ದವ. ಆಷಾಢದ ಒಂದು ದಿನ ಮಳೆ ಸ್ವಲ್ಪ ಹೊಳವಾಯ್ತು ಅಂತ ಹೇಳಿ ಕಾಲಿಗೆ ತಳೆ ಹಾಕಿ ಹತ್ತಿದ್ದು, ಮರ ಪಾಚಿ ಕಟ್ಟಿ ಜಾರ್ತಾ ಇತ್ತು, ಮೇಲಿಂದ ಬಿದ್ದೆ. ಬೆನ್ನುಹುರಿಗೆ ಪೆಟ್ಟು. ಸೊಂಟದಿಂದ ಕೆಳಗೆ ಗೊತ್ತಾಗುವುದಿಲ್ಲ. ಈಗ ಮಂಚ ಕಿಟಕಿ ಪಕ್ಕ ಉಂಟು. ಎರಡು ಗಂಟೆಗೊಮ್ಮೆ ಹೆಂಡತಿಯೋ ಅಮ್ಮನೋ ಬಂದು ಮಗ್ಗುಲು ಬದಲಿಸಬೇಕು, ಇಲ್ಲದಿದ್ರೆ ಬೆನ್ನಿನಲ್ಲಿ ಹುಣ್ಣಾಗ್ತದೆ, ಮತ್ತೆ ಅದು ವಾಸಿ ಆಗ್ಲಿಕ್ಕೆ ತಿಂಗಳುಗಟ್ಟಲೆ.

ನಾನು ಬರೆಯುವುದು ಯಾಕಂದ್ರೆ, ಇಲ್ಲಿ ನೀವೆಲ್ಲ ಬೇರೆ ಬೇರೆ ಹೇಳಿದ ಹಾಗೆ ಕಾಣ್ತದೆ, ಆದ್ರೆ ಹೆಚ್ಚಿನವರು ಹೇಳುವುದು ಒಂದೇ, ಉಪಯೋಗಕ್ಕೆ ಬರಬೇಕು, ಕೆಲಸ ಮಾಡಬೇಕು. ಬಿದ್ದ ಮೊದಲ ವರ್ಷ ನನ್ನನ್ನು ಕೊಂದದ್ದು ಕಾಲಲ್ಲ, ಈ ಮಾತೇ. ನೋಡ್ಲಿಕ್ಕೆ ಬಂದವರೆಲ್ಲ ಬಾಗಿಲಲ್ಲಿ ನಿಂತು ಹೆಂಡತಿ ಹತ್ರ "ಪಾಪ, ಇವನದ್ದು ಹೀಗಾಯ್ತಲ್ಲ, ನಿನಗೆಷ್ಟು ಕಷ್ಟ" ಅಂತ ಹೇಳಿ ಹೋಗುವುದು. ಅವರ ಲೆಕ್ಕದಲ್ಲಿ ನಾನು ಮನೆಗೆ ಬಂದ ಖರ್ಚು ಮಾತ್ರ. ಉಪಯೋಗಕ್ಕೆ ಬಂದ್ರೆ ಮಾತ್ರ ಅರ್ಥ ಅಂತ ಹೇಳುವುದಾದ್ರೆ ಹುಟ್ಟಿದ ಮಗುವಿಗೆ ಏನು ಅರ್ಥ ಉಂಟು, ನೆನಪು ಹೋದ ಅಜ್ಜಿಗೆ ಏನು ಅರ್ಥ ಉಂಟು? ಪಿಜಿರೂಮಿನ ಹುಡುಗ ಕೂಡ ಅದೇ ಲೆಕ್ಕ ಹಾಕಿ ಸೊನ್ನೆ ಅಂತ ಬರೆದದ್ದು. ಲೆಕ್ಕವೇ ಸರಿ ಇಲ್ಲ ಮಾರಾಯಾ. ನೀನು ಇದ್ದೀಯಲ್ಲ, ಅಲ್ಲಿಂದಲೇ ಶುರು ಮಾಡ್ಬೇಕು, ನೀನು ಏನು ಮಾಡ್ತೀ ಎಂಬುದು ಆಮೇಲಿನ ವಿಷಯ.

ಕೆಂಗೇರಿಯವ:
ಕಿಟಕಿಪಕ್ಕ ಸಾರ್, ಬಹಳ ಹೊತ್ತು ಏನು ಬರೀಬೇಕು ಅಂತ ಗೊತ್ತಾಗಲಿಲ್ಲ. ಆದ್ರೂ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸುಮ್ನೆ ಇರೋದೇ ಅರ್ಥ ಅಂದ್ರೆ, ಇಡೀ ಜನ್ಮ ಬೇರೆಯವರಿಗೆ ಕೇಡು ಮಾಡ್ಕೊಂಡು ಬದುಕಿದವನ ಬದುಕಿಗೂ ತಿಮ್ಮಕ್ಕನ ಬದುಕಿಗೂ ವ್ಯತ್ಯಾಸ ಎಲ್ಲಿ ಬರುತ್ತೆ? ನಮ್ಮಪ್ಪ ಅಷ್ಟು ವರ್ಷ ನಿಂತ್ಕೊಂಡೇ ಕೆಲಸ ಮಾಡಿ ಕಾಲಲ್ಲಿ ನರ ಉಬ್ಬಿಸ್ಕೊಂಡಿದ್ದು ಲೆಕ್ಕಕ್ಕೇ ಬರಲ್ಲ ಅಂದ್ರೆ ನನಗೆ ಒಪ್ಪೋಕಾಗಲ್ಲ.

ಕಿಟಕಿಪಕ್ಕ:
ಲೆಕ್ಕಕ್ಕೆ ಬರ್ತದೆ, ಖಂಡಿತ ಬರ್ತದೆ. ನಾನು ಹೇಳಿದ್ದು ಅದು ಬಾಗಿಲಲ್ಲಿ ತೋರಿಸುವ ಟಿಕೆಟ್ ಆಗ್ಬಾರದು ಅಂತ. ಒಳ್ಳೆಯದು ಕೆಟ್ಟದು ಬೇರೆ ಪ್ರಶ್ನೆ, ಬದುಕುವುದಕ್ಕೆ ಯೋಗ್ಯ ಹೌದೋ ಅಲ್ವೋ ಬೇರೆ ಪ್ರಶ್ನೆ. ಇವೆರಡನ್ನು ಒಟ್ಟಿಗೆ ಕಟ್ಟಿದ್ರೆ ನನ್ನ ಹಾಗಿನವರು ಹೊರಗೆ ಉಳಿತೇವೆ.

ರಾತ್ರಿಪಾಳಿ:
ಇದನ್ನು ಓದಿ ನನಗೆ ಅರುಣಾ ಶಾನಭಾಗ್ ನೆನಪಾದ್ರು. ನಮ್ಮ ನರ್ಸಿಂಗಿನವರಿಗೆ ಮರೆಯಲಿಕ್ಕೆ ಆಗದ ಹೆಸರು. ಹೊನ್ನಾವರ ತಾಲೂಕಿನ ಹಳದೀಪುರದ ಹುಡುಗಿ, ಮುಂಬೈ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಡ್ಯೂಟಿ ಮುಗಿದ ಮೇಲೆ ಅಲ್ಲಿನ ಒಬ್ಬ ಕೆಲಸದವನೇ ನಾಯಿ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮೆದುಳಿಗೆ ರಕ್ತ ಹೋಗದೆ ಅವರು ಮತ್ತೆ ಏಳಲೇ ಇಲ್ಲ. 2015ರ ಮೇ 18ಕ್ಕೆ ನ್ಯುಮೋನಿಯಾದಿಂದ ತೀರಿಹೋಗುವವರೆಗೆ, 41 ವರ್ಷಕ್ಕೂ ಮೇಲೆ, ಅದೇ ಆಸ್ಪತ್ರೆಯ ನರ್ಸುಗಳು ನೋಡಿಕೊಂಡ್ರು. ಅವರಿಗೆ ಅನ್ನ ಕೊಟ್ಟು, ಸ್ನಾನ ಮಾಡಿಸಿ, ಮಗ್ಗುಲು ಬದಲಿಸಿ. ಹಾಸಿಗೆ ಹುಣ್ಣು ಆಗದ ಹಾಗೆ ಅಷ್ಟು ವರ್ಷ ನೋಡಿಕೊಳ್ಳುವುದು ಅಂದ್ರೆ ಏನು ಅಂತ ಕಿಟಕಿಪಕ್ಕದವರ ಮನೆಯವರಿಗೆ ಗೊತ್ತಿರ್ತದೆ. ಒಂದು ಬ್ಯಾಚ್ ರಿಟೈರ್ ಆಗಿ ಹೋದ್ರೆ ಮುಂದಿನ ಬ್ಯಾಚ್. ಅರುಣಾ ಮಾತಾಡುವುದನ್ನು ಯಾವತ್ತೂ ಕೇಳದ ಹುಡುಗಿಯರು.

ಅವರಿಗೆ ದಯಾಮರಣ ಕೊಡಿ ಅಂತ ಒಬ್ಬ ಪತ್ರಕರ್ತೆ ಸುಪ್ರೀಂ ಕೋರ್ಟಿಗೆ ಹೋದ್ರು, ಅವರೂ ಪ್ರೀತಿಯಿಂದಲೇ ಹೋದದ್ದು, ಇಷ್ಟು ನೋವು ಸಾಕು ಅಂತ. 2011ರ ಮಾರ್ಚ್ 7ಕ್ಕೆ ಕೋರ್ಟ್ ಅದನ್ನು ಒಪ್ಪಲಿಲ್ಲ. ನರ್ಸುಗಳು ಸಂತೋಷಪಟ್ಟರು. ಎರಡೂ ಕಡೆಯವರು ಒಂದೇ ಮಂಚದ ಮೇಲಿನ ಒಂದೇ ಜೀವವನ್ನು ನೋಡಿ, ಒಬ್ಬರು ಈ ಬದುಕಿನಲ್ಲಿ ಇನ್ನೇನೂ ಇಲ್ಲ ಅಂದ್ರು, ಒಬ್ಬರು ನಮ್ಮವಳು ಇನ್ನೂ ಇದ್ದಾಳೆ ಅಂದ್ರು. ನನಗೆ ಕೇಳಿದ್ರೆ ನಾನು ನರ್ಸುಗಳ ಕಡೆ. ಅರುಣಾರ ಬದುಕಿನ ಅರ್ಥ ಅರುಣಾ ಒಬ್ಬರಲ್ಲೇ ಇರಲಿಲ್ಲ, ಅವರ ಮತ್ತು ಅವರನ್ನು ಎತ್ತಿ ಮಲಗಿಸಿದ ಕೈಗಳ ನಡುವೆ ಇತ್ತು.

ತರ್ಕಪ್ರಿಯ:
ರಾತ್ರಿಪಾಳಿ ಮೇಡಂ, ಆ ನರ್ಸುಗಳಿಗೆ ಕೈಮುಗೀತೀನಿ, ಆದ್ರೆ ನಾನು ಇನ್ನೊಂದು ಕಡೆ. ಆ ಕೈಗಳಿಗೆ ಅರ್ಥ ಸಿಕ್ತು, ಸರಿ. ಅರುಣಾ ಅವರನ್ನ ಕೇಳಿದ್ರೆ ಅವರು ಏನಂತಿದ್ರು? ಬೇರೆಯವರ ಪ್ರೀತಿಗೋಸ್ಕರ ಒಬ್ಬ ಮನುಷ್ಯನನ್ನ ಇಟ್ಕೊಳ್ಳೋದು ನನಗೆ ಸರಿ ಕಾಣಲ್ಲ. ಅದಕ್ಕೇ 2018ರ ಮಾರ್ಚ್ 9ರ ತೀರ್ಪು ನನಗೆ ಮುಖ್ಯ. ವಾಸಿಯಾಗೋ ಆಸೆ ಇಲ್ಲದ ಸ್ಥಿತಿ ಬಂದ್ರೆ ಯಂತ್ರ ಹಾಕಿ ಉಸಿರು ಎಳೀಬೇಡಿ ಅಂತ ನಾವು ಗಟ್ಟಿ ಇರೋವಾಗಲೇ ಬರೆದಿಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳ್ತು. ಅದನ್ನ ಜಾರಿ ಮಾಡೋಕೆ ಕರ್ನಾಟಕ ಸರ್ಕಾರನೂ 2025ರ ಜನವರಿಯಲ್ಲಿ ಆದೇಶ ಹೊರಡಿಸ್ತು. ನಾನು ಬರೆದಿಟ್ಟಿದೀನಿ, ಹೆಂಡತಿಗೂ ಮಗಳಿಗೂ ಓದಿ ಹೇಳಿದೀನಿ. ಮಗಳು ಅತ್ತಳು. ಆದ್ರೂ ಈ ನಿರ್ಧಾರದ ಭಾರ ಅವಳ ತಲೆ ಮೇಲೆ ಬೀಳಬಾರದು ಅಂತ ನನ್ನ ಆಸೆ.

ಬೆಳಗೊಳದದಾರಿ:
ನಾನು ಜೈನ ಮನೆತನದವಳು, ಒಂದೆರಡು ಮಾತು. ಶ್ರವಣಬೆಳಗೊಳದಲ್ಲಿ ಎಲ್ಲರೂ ಗೊಮ್ಮಟನ ಬೆಟ್ಟ ಹತ್ತಿ ವಾಪಸ್ ಹೋಗ್ತಾರೆ, ಎದುರುಗಡೆ ಚಂದ್ರಗಿರಿಗೆ ಹೋಗೋರು ಕಡಿಮೆ. ಅಲ್ಲಿ ಬಂಡೆ ಮೇಲೆ ಕಾಲ ಕೆಳಗೇ ಶಾಸನಗಳಿವೆ, ಕೊನೆಗಾಲದಲ್ಲಿ ಅನ್ನ ನೀರು ಬಿಡ್ತಾ ಹೋಗೋ ಸಲ್ಲೇಖನ ವ್ರತ ತಗೊಂಡು ದೇಹ ಬಿಟ್ಟವರ ನೆನಪಿಗೆ ಕೊರೆದದ್ದು, ಸಾವಿರ ವರ್ಷಕ್ಕೂ ಹಳೇವು. 2015ರ ಆಗಸ್ಟಲ್ಲಿ ರಾಜಸ್ಥಾನ ಹೈಕೋರ್ಟು ಈ ವ್ರತಕ್ಕೂ ಆತ್ಮಹತ್ಯೆಗೂ ಫರಕಿಲ್ಲ ಅಂದಾಗ ನಮ್ಮ ಮನೇಲಿ ಎಲ್ಲರಿಗೂ ಬಹಳ ನೋವಾಯ್ತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಬೇಸರದಿಂದ ಸಾಯೋದು ಬೇರೆ, ಆಯಸ್ಸು ಮುಗಿದಿದೆ ಅಂತ ತಿಳಿದು ಯಾರ ಮೇಲೂ ಸಿಟ್ಟು ಆಸೆ ಇಟ್ಕೊಳ್ಳದೆ ಒಂದೊಂದಾಗಿ ಬಿಡ್ತಾ ಹೋಗೋದು ಬೇರೆ. ನಮ್ಮಲ್ಲಿ ಬದುಕಿನ ಅರ್ಥ ಕೂಡಿಡೋದರಲ್ಲಿಲ್ಲ, ಕಳಚೋದರಲ್ಲಿದೆ. ಹೆಸರು ಉಳೀಬೇಕು ಅನ್ನೋದೂ ಒಂದು ಕರ್ಮವೇ.

ವಿಜಯಪುರದಾಂವ:
ಕಳಚೂದು ಅಂತ ಅಂದ್ರಲ್ರಿ ತಾಯಿ, ಅದನ್ನ ನಾವು ಕಣ್ಣಾರೆ ನೋಡೀವಿ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾವ್ರು. ಅಂಗಿಗೆ ಕಿಸೆನ ಇರಲಿಲ್ಲ ಅವರಿಗೆ. 2018ರಾಗ ಪದ್ಮಶ್ರೀ ಕೊಟ್ರ ಬ್ಯಾಡ ಅಂತ ಕಾಗದ ಬರದ್ರು. 2023ರ ಜನವರಿ 2ಕ್ಕ ಅವರು ಹ್ವಾದಾಗ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್ ಕಟ್ಕೊಂಡು ಜನ ಬಂದ್ರು, ಥಂಡ್ಯಾಗ ರಾತ್ರಿ ಎಲ್ಲಾ ಸಾಲ ಹಚ್ಚಿ ನಿಂತಿದ್ವಿ. ಅವರು 2014ರಾಗ ಬರದಿಟ್ಟ ಪತ್ರ ಓದಿದ್ರು, ದೇಹ ಮಣ್ಣಾಗ ಇಡಬ್ಯಾಡ್ರಿ ಅಗ್ನಿಗೆ ಕೊಡ್ರಿ, ಬೂದಿ ಹೊಳಿಗೋ ಸಮುದ್ರಕ್ಕೋ ಬಿಡ್ರಿ, ಸ್ಮಾರಕ ಕಟ್ಟಬ್ಯಾಡ್ರಿ. ಹಂಗ ಮಾಡಿದ್ರು. ಈಗ ಹೋಗಿ ಕೈ ಮುಗೀಬೇಕು ಅಂದ್ರ ಗದ್ದಿಗಿನ (ಸಮಾಧಿನ) ಇಲ್ಲ.

ನಮ್ಮ ಅವ್ವ ಮೊದಮೊದಲು ಬಾಳ ಅತ್ತಳು, ಒಂದು ಗದ್ದಿಗಿ ಆದ್ರೂ ಇದ್ದಿದ್ರ ಕಾಯಿ ಒಡಸಿ ಬರ್ತಿದ್ವಿ ಅಂತ. ನನಗ ಹಂಗ ಅನಸಲಿಲ್ಲ. ಮನಷ್ಯಾಗ ಕಡೀ ಆಸೆ ಇರೂದು ಹೆಸರ ಉಳೀಲಿ ಅಂತ. ಅದನ್ನೂ ಬಿಟ್ಟ ಹ್ವಾದ್ರು. ಮರ ನೆಟ್ಟ ಹ್ವಾದವರು ಒಂದು ದಾರಿ ತೋರಿಸಿದ್ರ ಇವರು ಇನ್ನೊಂದು ತೋರಿಸಿದ್ರು, ನನಗ ಎರಡನೇದು ದೊಡ್ಡದು ಅನಸ್ತದ.

ಜೋಳದರೊಟ್ಟಿ:
ವಿಜಯಪುರದಣ್ಣಾರ, ಅಪ್ಪಾವ್ರ ಪ್ರವಚನ ನಾನೂ ಕೇಳೀನಿ, ಮುಂಜಾನೆ ಮೈದಾನದಾಗ ಸಾವಿರಾರು ಮಂದಿ ಕುಂತ್ರೂ ಒಂದು ಕೆಮ್ಮ ಕೇಳಸ್ತಿರಲಿಲ್ಲ. ಆದ್ರ ಬಿಡೂದು ದೊಡ್ಡದು, ಮಾಡೂದು ಸಣ್ಣದು ಅಂತ ಅನಬ್ಯಾಡ್ರಿ. ಎಲ್ಲಾರೂ ಬಿಟ್ಟ ಕುಂತ್ರ ಒಲಿ ಹಚ್ಚಾವ್ರ ಯಾರು?

ಪಿಜಿರೂಮ್:
ರಾತ್ರಿಪಾಳಿ ಅಕ್ಕ, ಫೋನ್ ಮಾಡ್ದೆ. ಒಬ್ಬರು ಮೇಡಂ ಮಾತಾಡಿದ್ರು, ಸ್ವಲ್ಪ ಹೊತ್ತು ನಾನು ಏನೂ ಹೇಳಲಿಲ್ಲ, ಅವರು ಲೈನಲ್ಲೇ ಇದ್ರು. ಡಾಕ್ಟರ್ ಹತ್ರ ಹೋಗೋಕೆ ಹೇಳಿದಾರೆ, ಹೋಗ್ತೀನಿ. ಅಮ್ಮಂಗೂ ಹೇಳ್ದೆ. ಬೈಲಿಲ್ಲ.
ಕಿಟಕಿಪಕ್ಕ ಅಣ್ಣ, ನಿಮ್ಮ ದಿನ ಹೇಗೆ ಹೋಗುತ್ತೆ ಅಂತ ಕೇಳಬಹುದಾ?

ಕಿಟಕಿಪಕ್ಕ:
ಕೇಳ್ಬಹುದು. ಬೆಳಿಗ್ಗೆ ಅಡಿಕೆ ಅಂಗಳಕ್ಕೆ ಹಾಕುವ ಶಬ್ದ ಕೇಳ್ತದೆ, ಅಮ್ಮ ಕೋಳಿಗೆ ಬೈಯುವುದು ಕೇಳ್ತದೆ. ಕ್ರಿಕೆಟ್ ಇದ್ರೆ ಕ್ರಿಕೆಟ್. ಮಗಳು ಶಾಲೆಯಿಂದ ಬಂದ ಮೇಲೆ ಅವಳ ಜಗಳಗಳನ್ನು ಇಬ್ಬರೂ ಕೂತು ವಿಚಾರಣೆ ಮಾಡ್ತೇವೆ. ಮಧ್ಯಾಹ್ನ ಒಂದು ಅಡಿಕೆ ಅಂಗಡಿಯ ಲೆಕ್ಕ ಬರೆದು ಕೊಡ್ತೇನೆ, ಮೊಬೈಲಿನಲ್ಲೇ, ಸ್ವಲ್ಪ ದುಡ್ಡು ಬರ್ತದೆ.

ಈ ಲೆಕ್ಕ ಬರೆಯುವ ವಿಷಯ ಮೊದಲು ಬೇಕಂತಲೇ ಹೇಳಲಿಲ್ಲ. ಹೇಳಿದ್ರೆ ಎಲ್ಲರೂ "ನೋಡಿ, ಇವರು ಮಲಗಿದಲ್ಲೇ ದುಡೀತಾರೆ, ಎಂಥ ಛಲ" ಅಂತ ಹೊಗಳಿ ಮಾತು ಮುಗಿಸ್ತಿದ್ರಿ. ನಾಳೆ ಕೈಯೂ ಬಿದ್ದು ಹೋದ್ರೆ? ಆವಾಗಲೂ ಕೋಳಿಗೆ ಬೈಯುವುದು ಕೇಳ್ಲಿಕ್ಕೆ ನನಗೆ ಇಷ್ಟ ಉಂಟು. ತರ್ಕಪ್ರಿಯರೇ, ನೀವು ಬರೆದಿಟ್ಟದ್ದು ತಪ್ಪು ಅಂತ ಹೇಳುವುದಿಲ್ಲ, ನಿಮ್ಮ ಜೀವ ನಿಮ್ಮದು. ಆದ್ರೆ ಎದ್ದು ಓಡಾಡುವಾಗ ನನ್ನ ಹತ್ರ ಕೇಳಿದ್ದರೆ ಹೀಗೆ ಮಲಗಿ ಬದುಕುವುದಕ್ಕಿಂತ ಸಾಯುವುದೇ ವಾಸಿ ಅಂತ ನಾನೂ ಬರೆದು ಸೈನ್ ಹಾಕ್ತಿದ್ದೆ. ಈಗ ಆ ಕಾಗದ ಹರಿದು ಹಾಕ್ತೇನೆ. ಮಲಗಿದ ಮೇಲೆ ಮನುಷ್ಯ ಬದಲಾಗ್ತಾನೆ, ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ತರ್ಕಪ್ರಿಯ:
ಇದಕ್ಕೆ ನನ್ನ ಹತ್ರ ತಕ್ಷಣ ಉತ್ತರ ಇಲ್ಲ. ನನ್ನ ಕಾಗದದಲ್ಲಿ ಇರೋದು ಪ್ರಜ್ಞೆನೇ ವಾಪಸ್ ಬರದ ಸ್ಥಿತಿ ಬಗ್ಗೆ, ನಿಮ್ಮಂಥ ಸ್ಥಿತಿ ಬಗ್ಗೆ ಅಲ್ಲ, ಅದಂತೂ ಸ್ಪಷ್ಟ. ಆದ್ರೂ ಮಗಳ ಜೊತೆ ಕೂತು ಇನ್ನೊಂದ್ಸಲ ಓದ್ತೀನಿ.

ತೋಟದಮನೆ:
ಕೋಳಿಗೆ ಬೈಯೋದು ಕೇಳೋ ಇಷ್ಟ ಅಂದ್ರಲ್ಲ ಕಿಟಕಿಪಕ್ಕದವರು, ಇಲ್ಲೀತನಕ ಯಾರೂ ಆಡದ ಮಾತು ಅದು. ಕರ್ತವ್ಯ, ಕಾಯಕ, ಲೆಕ್ಕ, ತ್ಯಾಗ ಎಲ್ಲ ಬಂತು, ಖುಷಿ ಅನ್ನೋದೇ ಬರಲಿಲ್ಲ. ನಮ್ಮ ಕಡೆ ಕೊಯ್ಲು ಮುಗಿಯೋ ಹೊತ್ತಿಗೆ ಯಕ್ಷಗಾನ ಮೇಳದ ಆಟ ಬರುತ್ತೆ. ಹಗಲೆಲ್ಲ ಕೊನೆ ತೆಗೆದು ಸುಲಿದು ಸೊಂಟ ಹಿಡಿದಿರುತ್ತೆ, ಆದ್ರೂ ಚಂಡೆ ಪೆಟ್ಟು ಕೇಳಿದ್ರೆ ಕಂಬಳಿ ಹೊದ್ದು ಗದ್ದೆ ಬಯಲಿಗೆ ಹೋಗಿ ಬೆಳಗಿನ ತನಕ ಕೂರ್ತೀವಿ. ಕಥೆ ಗೊತ್ತಿರೋದೇ, ಯಾರು ಸಾಯ್ತಾರೆ ಅಂತಾನೂ ಗೊತ್ತು, ಆದ್ರೂ ಭಾಗವತರು ಏರಿಸಿ ಒಂದು ಪದ ಎತ್ತಿದ್ರೆ ಮೈ ಜುಂ ಅನ್ನುತ್ತೆ. ಅದರಿಂದ ತೋಟಕ್ಕೆ ಏನೂ ಆಗಲ್ಲ, ಪುಣ್ಯ ಬರುತ್ತೋ ಇಲ್ಲವೋ ಗೊತ್ತಿಲ್ಲ, ಮಾರನೇ ದಿನ ಕೆಲಸ ಕೆಡೋದಂತೂ ಹೌದು. ಬದುಕಿನ ಅರ್ಥ ಅಂತ ನನ್ನನ್ನ ಕೇಳಿದ್ರೆ ನಾನು ಆ ರಾತ್ರಿಯನ್ನೇ ತೋರಿಸ್ತೀನಿ. ಪಿಜಿರೂಮ್ ಹುಡುಗ, ಡಾಕ್ಟರ್ ಹತ್ರ ಹೋಗಿ ಬಂದಮೇಲೆ ಆಟ ಇರೋ ದಿನ ನೋಡ್ಕೊಂಡು ಬಂದುಬಿಡು, ಮನೇಲಿ ಹಾಸಿಗೆ ಇದೆ. ಚಳಿಗೆ ದಪ್ಪ ಬಟ್ಟೆ ತಗೊಂಡು ಬಾ.

ಜೋಳದರೊಟ್ಟಿ:
ತೋಟದಮನಿ ಅಣ್ಣಾರ, ಖುಷಿ ಮಾತ ತಂದಿದ್ದು ಚಲೋ ಆತು. ಆದ್ರ ಒಂದು ಕೇಳ್ತೀನಿ. ನೀವು ಬೆಳಕ ಹರಿಯೂ ತನಕ ಆಟ ನೋಡಿ ಬಂದ ಮ್ಯಾಲ ಮನ್ಯಾಗ ಚಾ ಇಟ್ಟಾವ್ರು ಯಾರು? ಅವರು ಆಟ ನೋಡಿದ್ರೇನು? ನಮ್ಮ ಕಡೆ ದೊಡ್ಡಾಟ ಸಣ್ಣಾಟ ಇದ್ದಾಗ ನಮ್ಮತ್ತಿ ನಡುರಾತ್ರಿ ಎದ್ದು ಬಂದು ಮುಂಜಾನಿ ರೊಟ್ಟಿಗೆ ಹಿಟ್ಟ ಸೋಸ್ತಿದ್ದರು, ಯಾವ ಆಟದ್ದೂ ಕಡೀ ಭಾಗ ಅವರು ನೋಡಿದವರಲ್ಲ. ಕಾಯಕ ಅಂತ ನಾನ ಹೇಳೀನಿ, ಈಗೂ ಹೇಳ್ತೀನಿ, ಆದ್ರ ಕಾಯಕ ಮುಗದ ಮ್ಯಾಲ ಕುಂಡರಾಕ ಜಾಗಾ ಇಲ್ಲದವರಿಗೆ ಅರ್ಥದ ಮಾತ ಹೆಂಗ ಹೇಳೂದು?

ಹ್ವಾದ ವರ್ಷ ನಾವು ರೊಟ್ಟಿ ಮಾಡೋ ಹೆಣ್ಣಮಕ್ಕಳು ರೊಕ್ಕ ಕೂಡಿಸಿ ಗೋಕರ್ಣಕ್ಕ ಹೋಗಿದ್ವಿ. ದೇವರ ದರ್ಶನ ಲಗೂನ ಆತು, ಆಮ್ಯಾಲ ಇಡೀ ಮಧ್ಯಾಹ್ನ ಸಮುದ್ರದ ದಂಡಿಗೆ ಸೀರಿ ತೋಯಿಸ್ಕೊಂಡು ಕುಂತ್ವಿ. ನಮ್ಮ ಗುಂಪಿನ್ಯಾಗ ಅರವತ್ತ ದಾಟಿದ ಒಬ್ಬಾಕಿ ಜೀವನದಾಗ ಮೊದಲನೇ ಸಲ ಸಮುದ್ರ ನೋಡಿದ್ದು, ತೆರಿ ಬಂದು ಕಾಲ ತಾಗಿದಾಗ ಸಣ್ಣ ಹುಡುಗಿಗತೆ ಒದರಿದಳು. ಯಾರ ಉಪಯೋಗಕ್ಕೂ ಬಂದಿಲ್ಲ ಅದು, ಅವತ್ತ ಖಾನಾವಳಿಗೆ ರೊಟ್ಟಿನೂ ಹೋಗಿಲ್ಲ.

ಇಲ್ಲಿ ಓದೋ ಹೆಣ್ಣಮಕ್ಕಳು ಸುಮ್ಮನ ಓದಿ ಹೋಗಬ್ಯಾಡ್ರಿ, ಬರೀರಿ. ನಿಮ್ಮ ಸಲುವಾಗಿ ಅಂತ ನಿಮ್ಮ ಬದುಕಿನ್ಯಾಗ ಏನೈತಿ? ಗಂಡ ಮಕ್ಕಳ ಹೆಸರ ಹೇಳಬ್ಯಾಡ್ರಿ, ಅವರ ಪ್ರೀತಿ ಎಲ್ಲಾರಿಗೂ ಐತಿ, ಅದನ್ನ ಬಿಟ್ಟು ಹೇಳ್ರಿ.